ಕಾಗದವೇಕೆ ಹೋಗಲಿಲ್ಲ?

ಕೆಟ್ಟುನಿಂತ ಯಂತ್ರವನ್ನು ಸರಿಪಡಿಸಲು ಎರಡು ಮಾರ್ಗಗಳುಂಟು. ಕೈಗೆ ಸಿಕ್ಕಿದ ತಿರುಪುಗಳನ್ನೆಲ್ಲ ತಿರುಗಿಸುತ್ತ, ಅದು ಹೇಗೋ ಚಲಿಸುವವರೆಗೆ ಪ್ರಯತ್ನಿಸುವುದು ಒಂದು ಮಾರ್ಗ. ಕೆಲಸವು ಯಾವ ಹಂತದಲ್ಲಿ ನಿಂತಿದೆಯೆಂಬುದನ್ನು ಮೊದಲು ಕಂಡುಕೊಂಡು, ಆ ಭಾಗಕ್ಕೆ ಮಾತ್ರ ಕೈಹಾಕುವುದು ಎರಡನೆಯ ಮಾರ್ಗ. ಎರಡನೆಯದೇ ಲೇಸೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಸ್ವಂತ ಇ-ಮೇಲ್ ಸರ್ವರನ್ನು ನಡೆಸಹೊರಟ ಉತ್ಸಾಹಿಗಳಲ್ಲಿ ಬಹುಮಂದಿ ಮೊದಲನೆಯ ಮಾರ್ಗವನ್ನೇ ಹಿಡಿಯುತ್ತಾರೆ. ಹೊರಗಿನಿಂದ ಕಾಗದಗಳು ಬರುತ್ತಿರುತ್ತವೆ. ತಾವು ಕಳುಹಿಸಿದವು ಮಾತ್ರ ಹೋಗುವುದಿಲ್ಲ. ಆಗ ಎಲ್ಲಿಯೋ ಕಂಡ ನಾಲ್ಕು ಸಾಲುಗಳನ್ನು ತಮ್ಮ ಸರ್ವರಿನ ಕಡತಕ್ಕೆ ಸೇರಿಸುತ್ತಾರೆ, ಹೋಗದಿದ್ದರೆ ಮತ್ತೆ ನಾಲ್ಕನ್ನು ಸೇರಿಸುತ್ತಾರೆ. ಇತರ ಯಂತ್ರಗಳ ವಿಷಯದಲ್ಲಿ ಈ ಅಭ್ಯಾಸದಿಂದ ಕಾಲಹರಣವಾಗಬಹುದು, ಅಷ್ಟೆ. ಅಂಚೆಯ ಸರ್ವರಿನ ವಿಷಯದಲ್ಲಿ ಅದರಿಂದ ಪರರಿಗೂ ಹಾನಿಯಾಗುತ್ತದೆ. ಆದುದರಿಂದ ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಸ್ವಲ್ಪ ಸಾವಧಾನವಾಗಿ ಪರಿಶೀಲಿಸುವುದು ಯುಕ್ತ.

ಇ-ಮೇಲಿನ ಸಾಗಾಟವನ್ನು ಆಳುವ ನಿಯಮಾವಳಿಗೆ ಎಸ್‌ಎಂಟಿಪಿ ಎಂದು ಹೆಸರು. ಅಮೆರಿಕದ ಜಾನ್ ಪೋಸ್ಟೆಲ್ ಅವರು ಅದನ್ನು ೧೯೮೨ರ ಆಗಸ್ಟ್ ತಿಂಗಳಲ್ಲಿ ಪ್ರಕಟಿಸಿದರು. ೨೦೦೮ರಲ್ಲಿ ಅದು ಪರಿಷ್ಕೃತವಾಯಿತಾದರೂ ಅದರ ಮೂಲ ಸಂಭಾಷಣೆ ಇಂದಿಗೂ ಹಾಗೆಯೇ ಉಳಿದಿದೆ. ಕಳುಹಿಸುವ ಯಂತ್ರವು ತನ್ನ ಹೆಸರನ್ನು ಹೇಳುತ್ತದೆ; ಕಾಗದವು ಯಾರಿಂದ ಬಂದಿತು, ಯಾರಿಗೆ ಸೇರಬೇಕು ಎಂದು ತಿಳಿಸುತ್ತದೆ; ಕೊನೆಯಲ್ಲಿ ಕಾಗದವನ್ನು ಒಪ್ಪಿಸುತ್ತದೆ. ಅದರ ಪ್ರತಿಯೊಂದು ಮಾತಿಗೂ ಎದುರಿನ ಯಂತ್ರವು ಮೂರು ಅಂಕಿಗಳ ಒಂದು ಸಂಖ್ಯೆಯಿಂದ ಉತ್ತರಿಸುತ್ತದೆ. ಮೊದಲನೆಯ ಅಂಕಿ ೨ ಆದರೆ ‘ಒಪ್ಪಿದೆ’ ಎಂದರ್ಥ. ೩ ಆದರೆ ‘ಮುಂದುವರಿಸು’. ೪ ಆದರೆ ‘ಈಗ ಆಗದು, ಸ್ವಲ್ಪ ಹೊತ್ತಿನ ಮೇಲೆ ಬಾ’. ೫ ಆದರೆ ‘ಆಗದು, ಹೀಗೆಯೇ ಮತ್ತೆ ಬರಬೇಡ’. ಸಂಖ್ಯೆಯ ಮುಂದೆ ಕಾರಣವನ್ನು ಇಂಗ್ಲಿಷಿನ ಒಂದು ಸಣ್ಣ ವಾಕ್ಯದಲ್ಲಿ ಬರೆದಿರುವುದೂ ವಾಡಿಕೆ.

ಈ ನಿಯಮಾವಳಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ತತ್ತ್ವ ಒಂದಿದೆ. ಕಾಗದವನ್ನು ಪಡೆದ ಯಂತ್ರವು ‘೨೫೦’ ಎಂದು ಹೇಳಿತೆಂದರೆ, ಆ ಕ್ಷಣದಿಂದ ಕಾಗದದ ಹೊಣೆ ಅದರದಾಯಿತು. ಅದನ್ನು ಮುಂದಕ್ಕೆ ಮುಟ್ಟಿಸಬೇಕು, ಆಗದಿದ್ದರೆ ಆಗಲಿಲ್ಲವೆಂದು ಕಳುಹಿಸಿದವರಿಗೆ ತಿಳಿಸಬೇಕು. ಆದುದರಿಂದ ಕಾಗದ ಹೋಗದಿದ್ದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಕಟ್ಟಕಡೆಗೆ ‘೨೫೦’ ಎಂದವರು ಯಾರು? ಈ ಪ್ರಶ್ನೆಯನ್ನು ಬಿಟ್ಟು ಮಾಡಿದ ದುರಸ್ತಿಯೆಲ್ಲವೂ ಕತ್ತಲೆಯಲ್ಲಿ ತಡಕಾಡುವುದೇ ಎಂದು ನನ್ನ ಅಭಿಪ್ರಾಯ.

ಇಲ್ಲಿ ರಿಲೇ ಎಂಬುದರ ಅರ್ಥವನ್ನು ವಿವರಿಸಬೇಕು. ನಮ್ಮ ಸರ್ವರು ಪ್ರತಿಯೊಂದು ಕಾಗದವನ್ನೂ ವಿಳಾಸದಾರರ ಸರ್ವರಿಗೆ ತಾನೇ ನೇರವಾಗಿ ಒಯ್ಯಬಹುದು. ಸರ್ವರುಗಳು ಒಂದಕ್ಕೊಂದು ಕಾಗದ ಮುಟ್ಟಿಸುವ ಬಾಗಿಲಿಗೆ ೨೫ನೆಯ ಪೋರ್ಟ್ ಎಂದು ಹೆಸರು. ಆದರೆ ಇಂಟರ್‌ನೆಟ್ ಸೇವೆ ಒದಗಿಸುವ ಅನೇಕ ಸಂಸ್ಥೆಗಳು ಮನೆಯ ಸಂಪರ್ಕಗಳಿಂದ ಆ ಪೋರ್ಟಿಗೆ ಹೋಗುವ ದಾರಿಯನ್ನು ಮುಚ್ಚಿರುತ್ತವೆ. ಮನೆಗಳಿಗೆ ಹಂಚಲಾದ ವಿಳಾಸಗಳಿಂದ ನೇರವಾಗಿ ಬಂದ ಕಾಗದವನ್ನು ದೊಡ್ಡ ಸರ್ವರುಗಳು ಸುಲಭವಾಗಿ ನಂಬುವುದೂ ಇಲ್ಲ. ಆದುದರಿಂದ ಹೊರಹೋಗುವ ಕಾಗದಗಳನ್ನೆಲ್ಲ ವಿಶ್ವಾಸ ಗಳಿಸಿದ ಮತ್ತೊಂದು ಸರ್ವರಿಗೆ ಒಪ್ಪಿಸಿ, ಅದರ ಮೂಲಕ ಕಳುಹಿಸುವ ಪದ್ಧತಿ ಬಂದಿದೆ. ಆ ಮಧ್ಯವರ್ತಿಯೇ ರಿಲೇ. ಅದಕ್ಕೆ ಕಾಗದ ಒಪ್ಪಿಸಲು ಸಾಮಾನ್ಯವಾಗಿ ೫೮೭ ಅಥವಾ ೪೬೫ನೆಯ ಪೋರ್ಟನ್ನು ಬಳಸುತ್ತಾರೆ; ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ತಾನು ಯಾರೆಂಬುದನ್ನು ಸ್ಥಾಪಿಸಬೇಕಾಗುತ್ತದೆ.

ಈಗ ಕಾಗದ ಹೋಗಲಿಲ್ಲವೆಂದುಕೊಳ್ಳೋಣ. ಉದಾಹರಣೆಗೆ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳಬಹುದು. ಐಬಿಎಂ ಸಂಸ್ಥೆಯಲ್ಲಿದ್ದಾಗ ವೀಟ್ಸೆ ವೆನೆಮಾ ಅವರು ಬರೆದ ಇದು ೧೯೯೮ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ತನ್ನ ಕೈಗೆ ಬಂದ ಪ್ರತಿಯೊಂದು ಕಾಗದದ ಗತಿಯನ್ನೂ ಇದು ದಿನಚರಿಯಲ್ಲಿ, ಎಂದರೆ ಲಾಗ್ ಕಡತದಲ್ಲಿ, ಬರೆದಿಡುತ್ತದೆ. ಕಾಗದವನ್ನು ಯಾವ ಸರ್ವರಿಗೆ ಒಯ್ದಿತು, ಅಲ್ಲಿ ಏನು ಉತ್ತರ ದೊರಕಿತು, ಅದು ಹೋಯಿತೋ, ತಡೆದು ನಿಂತಿತೋ, ಹಿಂದಿರುಗಿತೋ ಎಂಬುದೆಲ್ಲ ಒಂದೇ ಸಾಲಿನಲ್ಲಿರುತ್ತದೆ. ತಡೆದು ನಿಂತ ಕಾಗದಗಳು ಸಾಲಿನಲ್ಲಿ ಕಾಯುತ್ತಿರುತ್ತವೆ. ತಂತ್ರಾಂಶವು ಆಗಾಗ ಮತ್ತೆ ಪ್ರಯತ್ನಿಸಿ, ಬೇರೆ ಸೂಚನೆ ಇಲ್ಲದಿದ್ದರೆ ೫ ದಿನಗಳ ಮೇಲೆ ಕೈಬಿಡುತ್ತದೆ. ಹೀಗಿರುವಾಗ ಲಾಗನ್ನು ಓದದೆ ದುರಸ್ತಿಗೆ ತೊಡಗುವುದು, ರೋಗಿ ಬಾಯಿಬಿಟ್ಟು ನೋವಿನ ಜಾಗವನ್ನು ಹೇಳುತ್ತಿದ್ದರೂ ಕಿವಿಗೊಡದೆ ಔಷಧ ಕೊಟ್ಟಂತೆ.

ಸಂಪರ್ಕವೇ ಆಗದೆ ಕಾಲ ಮೀರಿತೆಂದು ಲಾಗ್ ಹೇಳಿದರೆ, ನಮ್ಮ ಕರೆಗೆ ಯಾವ ಉತ್ತರವೂ ಬರಲಿಲ್ಲವೆಂದಾಯಿತು. ದಾರಿಯಲ್ಲಿ ಯಾರೋ ಅದನ್ನು ತಡೆದಿರುವ ಸಂಭವ ಹೆಚ್ಚು. ೨೫ನೆಯ ಪೋರ್ಟಿನಲ್ಲಿ ಹೀಗಾದರೆ ಮೊದಲು ಸೇವಾ ಸಂಸ್ಥೆಯ ನಿರ್ಬಂಧವನ್ನು ವಿಚಾರಿಸಬೇಕು. ಸಂಪರ್ಕವನ್ನು ನಿರಾಕರಿಸಲಾಯಿತೆಂದು ಹೇಳಿದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆದರೆ ಆ ಬಾಗಿಲಿನಲ್ಲಿ ಕೇಳುವವರಿಲ್ಲ. ಪೋರ್ಟಿನ ಸಂಖ್ಯೆಯನ್ನು ನೋಡಬೇಕು. ಈ ಎರಡು ಸಂದರ್ಭಗಳಲ್ಲಿಯೂ ಪಾಸ್‌ವರ್ಡನ್ನು ಬದಲಾಯಿಸುವುದು ವ್ಯರ್ಥ, ಏಕೆಂದರೆ ಪಾಸ್‌ವರ್ಡ್ ಹೇಳುವ ಹಂತ ಇನ್ನೂ ಬಂದೇ ಇಲ್ಲ.

ಸಂಪರ್ಕವಾಗಿಯೂ ಎರಡು ಯಂತ್ರಗಳು ಮೌನವಾಗಿ ನಿಂತಿದ್ದರೆ ಅದಕ್ಕೆ ಇನ್ನೊಂದು ಕಾರಣವುಂಟು. ೫೮೭ನೆಯ ಪೋರ್ಟಿನಲ್ಲಿ ಸಂಭಾಷಣೆ ಬಹಿರಂಗವಾಗಿ ಆರಂಭವಾಗಿ, ಅನಂತರ ಗೂಢಲಿಪಿಗೆ ತಿರುಗುತ್ತದೆ. ೪೬೫ರಲ್ಲಿ ಮೊದಲ ಅಕ್ಷರದಿಂದಲೇ ಗೂಢಲಿಪಿ. ೫೮೭ರ ರೀತಿಯನ್ನು ೪೬೫ರಲ್ಲಿ ನಡೆಸಿದರೆ, ನಮ್ಮ ಯಂತ್ರವು ಎದುರಿನವರ ಸ್ವಾಗತಕ್ಕಾಗಿಯೂ, ಎದುರಿನ ಯಂತ್ರವು ನಮ್ಮ ಗೂಢಲಿಪಿಯ ಮೊದಲ ಮಾತಿಗಾಗಿಯೂ ಕಾಯುತ್ತ ನಿಲ್ಲುತ್ತವೆ. ಯಾರದೂ ತಪ್ಪಿಲ್ಲ, ಆದರೂ ಮಾತು ನಡೆಯುವುದಿಲ್ಲ.

‘೫೩೦’ ಬಂದರೆ ಹೆಸರನ್ನು ಸ್ಥಾಪಿಸದೆ ಮುಂದೆ ಬಂದಿರೆಂದು ರಿಲೇ ಹೇಳುತ್ತಿದೆ. ‘೫೩೫’ ಬಂದರೆ ಕೊಟ್ಟ ಹೆಸರು ಅಥವಾ ಪಾಸ್‌ವರ್ಡ್ ಅದಕ್ಕೆ ಒಪ್ಪಿಗೆಯಾಗಿಲ್ಲ. ಇವೆರಡರ ವ್ಯತ್ಯಾಸ ಸಣ್ಣದಲ್ಲ. ಪೋಸ್ಟ್‌ಫಿಕ್ಸಿನಲ್ಲಿ ರಿಲೇಯ ಹೆಸರನ್ನು ಚೌಕ ಕಂಸದೊಳಗೆ ಬರೆದು ಮುಂದೆ ಪೋರ್ಟನ್ನು ಸೂಚಿಸುವುದುಂಟು. ಹಾಗೆ ಬರೆದಿದ್ದರೆ ಪಾಸ್‌ವರ್ಡಿನ ಕಡತದಲ್ಲಿಯೂ ಅದೇ ಕಂಸ, ಅದೇ ಪೋರ್ಟ್ ಇರಬೇಕು. ಒಂದು ಕಡೆ ಕಂಸವಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ತಂತ್ರಾಂಶಕ್ಕೆ ಪಾಸ್‌ವರ್ಡ್ ಸಿಕ್ಕದೆ ಅದು ಹೆಸರು ಹೇಳದೆಯೇ ಮುಂದುವರಿಯುತ್ತದೆ. ಆ ಕಡತವನ್ನು ತಿದ್ದಿದ ಮೇಲೆ ‘ಪೋಸ್ಟ್‌ಮ್ಯಾಪ್’ ಆಜ್ಞೆಯಿಂದ ಅದರ ಸೂಚಿಯನ್ನು ಹೊಸದಾಗಿ ಕಟ್ಟದಿದ್ದರೆ ಹಳೆಯ ಪಾಸ್‌ವರ್ಡೇ ಬಳಕೆಯಲ್ಲಿರುತ್ತದೆ. ‘೫೩೦’ ಕಂಡವನು ಕಂಸವನ್ನು ಹುಡುಕಬೇಕು. ‘೫೩೫’ ಕಂಡವನು ಪಾಸ್‌ವರ್ಡನ್ನು ನೋಡಬೇಕು. ಒಂದು ಅಂಕಿಯನ್ನು ಗಮನಿಸಿದ್ದರಿಂದ ಅರ್ಧ ದಿನದ ಶ್ರಮ ಉಳಿಯುತ್ತದೆ.

ಇನ್ನು ಎಲ್ಲರನ್ನೂ ಕಂಗೆಡಿಸುವ ಉತ್ತರ: ‘೫೫೪, ರಿಲೇಗೆ ಅನುಮತಿಯಿಲ್ಲ’. ಇದನ್ನು ಹೇಳಿದವರು ಯಾರೆಂಬುದನ್ನು ಮೊದಲು ನೋಡಬೇಕು. ದೂರದ ರಿಲೇ ಹೇಳಿದ್ದರೆ ಅದಕ್ಕೆ ನಮ್ಮ ಗುರುತು ಸಿಕ್ಕಿಲ್ಲ. ನಮ್ಮ ಸರ್ವರೇ ಹೇಳಿದ್ದರೆ, ಕಾಗದ ಬರೆದ ನಮ್ಮ ಮನೆಯ ಫೋನೋ ಕಂಪ್ಯೂಟರೋ ತನ್ನ ಗುರುತನ್ನು ನಮ್ಮ ಸರ್ವರಿಗೆ ಹೇಳಿಲ್ಲ. ಇಲ್ಲಿಯೇ ಅವಸರದ ಮನುಷ್ಯನು ಅಪಾಯಕ್ಕೆ ಕಾಲಿಡುತ್ತಾನೆ. ನಂಬಿದ ಯಂತ್ರಗಳ ಪಟ್ಟಿಗೆ ಪೋಸ್ಟ್‌ಫಿಕ್ಸಿನಲ್ಲಿ ‘ಮೈನೆಟ್‌ವರ್ಕ್ಸ್’ ಎಂದು ಹೆಸರು. ಅದರಲ್ಲಿ ಜಗತ್ತಿನ ಸಮಸ್ತ ವಿಳಾಸಗಳನ್ನೂ ಸೇರಿಸಿಬಿಟ್ಟರೆ ದೋಷಸೂಚನೆ ಕೂಡಲೆ ಮಾಯವಾಗುತ್ತದೆ, ಕಾಗದವೂ ಹೋಗುತ್ತದೆ. ಬೀಗದ ಕೈ ತಿರುಗಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ! ಆ ಸರ್ವರು ಇನ್ನು ಮೇಲೆ ಯಾರ ಕಾಗದವನ್ನಾದರೂ ಯಾರಿಗಾದರೂ ಮುಟ್ಟಿಸುತ್ತದೆ. ಇಂಥದಕ್ಕೆ ತೆರೆದ ರಿಲೇ ಎನ್ನುತ್ತಾರೆ.

ತೆರೆದ ರಿಲೇ ಒಂದು ಕಾಲದಲ್ಲಿ ಸೌಜನ್ಯವಾಗಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಕಂಪ್ಯೂಟರ್ ಜಾಲವು ವಿಶ್ವವಿದ್ಯಾಲಯಗಳಿಗೂ ಸಂಶೋಧನಾಲಯಗಳಿಗೂ ಸೀಮಿತವಾಗಿದ್ದಾಗ, ಅಪರಿಚಿತರ ಕಾಗದವನ್ನು ಮುಂದಕ್ಕೆ ಸಾಗಿಸುವುದು ನೆರೆಯವರಿಗೆ ಮಾಡುವ ಉಪಕಾರವಾಗಿತ್ತು. ಅನಪೇಕ್ಷಿತ ಜಾಹೀರಾತುಗಳನ್ನು ಲೆಕ್ಕವಿಲ್ಲದಷ್ಟು ಹಂಚುವವರು ೧೯೯೦ರ ದಶಕದಲ್ಲಿ ಆ ಉಪಕಾರವನ್ನು ದುರುಪಯೋಗಪಡಿಸಿದರು. ಆಗ ಹೆಚ್ಚು ಪ್ರಚಾರದಲ್ಲಿದ್ದ ಸೆಂಡ್‌ಮೇಲ್ ತಂತ್ರಾಂಶವು ೧೯೯೮ರ ತನ್ನ ೮.೯ನೆಯ ಆವೃತ್ತಿಯಿಂದ, ಪ್ರತ್ಯೇಕವಾಗಿ ಅನುಮತಿಸಿದ ಹೊರತು ಪರರ ಕಾಗದವನ್ನು ಸಾಗಿಸದಂತಾಯಿತು. ತೆರೆದ ರಿಲೇಗಳ ವಿಳಾಸಗಳನ್ನು ಕಪ್ಪುಪಟ್ಟಿಗೆ ಸೇರಿಸುವ ಏರ್ಪಾಡೂ ಬಂದಿತು. ಈಗ ಬಾಗಿಲು ತೆರೆದವನ ಸರ್ವರು ಮೋಸಗಾರರ ಕಾಗದಗಳನ್ನು ಹೊರುತ್ತದೆ; ಅದರ ವಿಳಾಸ ಕಪ್ಪುಪಟ್ಟಿಗೆ ಸೇರುತ್ತದೆ; ತನ್ನ ಸ್ವಂತ ಕಾಗದವೂ ಎಲ್ಲಿಯೂ ಸಲ್ಲದಾಗುತ್ತದೆ. ಒಂದು ಕಾಗದವನ್ನು ಕಳುಹಿಸಲು ಮಾಡಿದ ಉಪಾಯವೇ ಮುಂದಿನ ಕಾಗದಗಳಿಗೆಲ್ಲ ಮುಳುವಾಗುವುದು ಹೀಗೆ.

ರಿಲೇ ‘೨೫೦’ ಎಂದ ಮೇಲೆಯೂ ಕಾಗದ ಕಾಣದಿದ್ದರೆ, ದೋಷವನ್ನು ನಮ್ಮ ಸರ್ವರಿನ ರಿಲೇ ವ್ಯವಸ್ಥೆಯಲ್ಲಿ ಹುಡುಕಬಾರದು. ನಮ್ಮ ಡೊಮೇನಿನ ಹೆಸರಿನಲ್ಲಿ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವುಂಟೆಂದು ಸಾರುವ ಪ್ರಕಟಣೆಗೆ ಎಸ್‌ಪಿಎಫ್ ಎನ್ನುತ್ತಾರೆ. ಹೊಸದಾಗಿ ರಿಲೇಯನ್ನು ಹಿಡಿದವರು ಆ ಪ್ರಕಟಣೆಯಲ್ಲಿ ಅದರ ಹೆಸರನ್ನು ಸೇರಿಸಲು ಮರೆಯುವುದುಂಟು. ಇಲ್ಲವೆ ಹಳೆಯದನ್ನು ಉಳಿಸಿಕೊಂಡೇ ಎರಡನೆಯದನ್ನು ಬರೆಯುವುದುಂಟು; ಒಂದು ಡೊಮೇನಿಗೆ ಇಂಥ ಎರಡು ಪ್ರಕಟಣೆಗಳಿದ್ದರೆ ನಿಯಮದ ಪ್ರಕಾರ ಎರಡೂ ಅಸಿಂಧು. ಕಾಗದಕ್ಕೆ ಮುದ್ರೆಯೊತ್ತುವ ಡಿಕೆಐಎಂ ಪದ್ಧತಿಯನ್ನೂ ಇದರೊಡನೆಯೇ ಪರೀಕ್ಷಿಸಬೇಕು.

‘ಇಷ್ಟೆಲ್ಲ ತಾಪತ್ರಯವೇಕೆ? ದೊಡ್ಡ ಸಂಸ್ಥೆಗಳು ಉಚಿತವಾಗಿ ಅಂಚೆ ಕೊಡುತ್ತಿರುವಾಗ ಸ್ವಂತ ಸರ್ವರಿನ ಹಂಬಲ ಹುಚ್ಚಲ್ಲವೇ?’ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಎಲ್ಲವನ್ನೂ ಸರಿಯಾಗಿ ಜೋಡಿಸಿದರೂ ಹೊಸಬರ ಕಾಗದವನ್ನು ದೊಡ್ಡ ಸರ್ವರುಗಳು ಅನುಮಾನದಿಂದ ಕಾಣುವುದು ನಿಜ. ೨೦೨೪ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಕಳುಹಿಸುವವರ ಗುರುತಿನ ನಿಯಮಗಳನ್ನು ಇನ್ನೂ ಬಿಗಿಗೊಳಿಸಿವೆ. ರಿಲೇಯನ್ನು ಹಿಡಿದರೂ ಒಂದು ಬೆಲೆ ತೆರಬೇಕು: ದಾರಿಯ ಗೂಢಲಿಪಿಯು ರಿಲೇಯ ಬಾಗಿಲಿನವರೆಗೆ ಮಾತ್ರ, ಕಾಗದವನ್ನೇ ಪ್ರತ್ಯೇಕವಾಗಿ ಗೂಢಲಿಪಿಯಲ್ಲಿ ಬರೆಯದಿದ್ದರೆ ರಿಲೇ ನಡೆಸುವವರು ಅದನ್ನು ಓದಬಲ್ಲರು. ಇವನ್ನೆಲ್ಲ ಅರಿತು ಒಬ್ಬನು ದೊಡ್ಡ ಸಂಸ್ಥೆಯ ಅಂಚೆಯನ್ನೇ ಆರಿಸಿಕೊಂಡರೆ ತಪ್ಪೇನೂ ಇಲ್ಲ. ಅರಿಯದೆ, ಬೇರೆ ಮಾರ್ಗವೇ ಇಲ್ಲವೆಂದು ನಂಬಿ ಆರಿಸಿಕೊಳ್ಳುವುದು ಮಾತ್ರ ವಿಷಾದಕರ. ಇ-ಮೇಲಿನ ನಿಯಮಗಳು ಯಾರ ಸೊತ್ತೂ ಅಲ್ಲ; ಯಾರು ಬೇಕಾದರೂ ಓದಿ ಅದರಂತೆ ಸರ್ವರನ್ನು ನಡೆಸಬಹುದು. ಆದರೆ ನಡೆಸಬಲ್ಲವರು ಹತ್ತಾರು ಸಂಸ್ಥೆಗಳ ಒಳಗೆ ಮಾತ್ರ ಉಳಿದರೆ, ಆ ಸ್ವಾತಂತ್ರ್ಯವು ಕಾಗದದ ಮೇಲಿನ ಸ್ವಾತಂತ್ರ್ಯವಾಗಿಬಿಡುತ್ತದೆ.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇದಕ್ಕೆ ಎಡೆಯಿರಬೇಕು. ಹೊರಜಗತ್ತಿಗೆ ಸಂಪರ್ಕವಿಲ್ಲದ ಮೂರು ಹಳೆಯ ಕಂಪ್ಯೂಟರುಗಳು ಸಾಕು: ಒಂದು ಕಳುಹಿಸುವ ಸರ್ವರು, ಒಂದು ರಿಲೇ, ಒಂದು ಪಡೆಯುವ ಸರ್ವರು. ಅಧ್ಯಾಪಕರು ಯಾವುದಾದರೂ ಒಂದು ಸಾಲನ್ನು ಬೇಕೆಂದೇ ಕೆಡಿಸಲಿ. ವಿದ್ಯಾರ್ಥಿಯು ಯಂತ್ರವನ್ನು ಮುಟ್ಟುವ ಮೊದಲು ಕಾಗದ ಯಾವ ಹಂತದಲ್ಲಿ ನಿಂತಿದೆ, ಹಾಗೆನ್ನಲು ಲಾಗಿನಲ್ಲಿ ಯಾವ ಆಧಾರವಿದೆ ಎಂಬುದನ್ನು ಬರೆದು ತೋರಿಸಲಿ. ಅನಂತರ ಒಂದೇ ಒಂದು ಬದಲಾವಣೆ ಮಾಡಿ ಪರೀಕ್ಷಿಸಲಿ. ಫಲಿಸದಿದ್ದರೆ ಅದನ್ನು ಮೊದಲಿನಂತೆ ಮಾಡಿಯೇ ಮುಂದಿನದಕ್ಕೆ ಹೋಗಲಿ. ಲೋಲಕದ ಉದ್ದವನ್ನು ಬದಲಾಯಿಸುವಾಗ ಅದರ ಗುಂಡಿನ ತೂಕವನ್ನೂ ಬದಲಾಯಿಸಬಾರದೆಂದು ಭೌತವಿಜ್ಞಾನದ ತರಗತಿಯಲ್ಲಿ ಕಲಿತ ಪಾಠವೇ ಇದು. ಈ ಅಭ್ಯಾಸ ಕೈಗೂಡಿದ ಮೇಲೆ ಅವನು ಸ್ವಂತ ಸರ್ವರನ್ನು ನಡೆಸಲಿ, ಬಿಡಲಿ. ‘ಅನುಮತಿಯಿಲ್ಲ’ ಎಂಬ ಉತ್ತರವನ್ನು ಕಂಡಾಗ ಬಾಗಿಲನ್ನು ಕೀಳದೆ, ಹಾಗೆ ಹೇಳಿದವರು ಯಾರೆಂದು ಮೊದಲು ನೋಡುತ್ತಾನೆ.