ದಾನವೂ ಬೆಲೆಯೂ

ಗ್ರಾಮ ಪಂಚಾಯಿತಿಯ ಚುನಾವಣೆ ಪಕ್ಷರಹಿತವಾಗಿ ನಡೆಯಬೇಕೆಂಬುದು 1993ರ ಪಂಚಾಯತ್ ರಾಜ್ ಅಧಿನಿಯಮದ ಕಟ್ಟಳೆ. ಆದುದರಿಂದಲೇ ಅಲ್ಲಿ ಪಕ್ಷದ ಚಿಹ್ನೆಗೆ ಎಡೆಯಿಲ್ಲ. ಆದರೂ 2020ರ ಡಿಸೆಂಬರಿನಲ್ಲಿ ಮತ ಎಣಿಕೆಯಾದೊಡನೆ ಪಕ್ಷಗಳೆಲ್ಲವೂ ತಮ್ಮ ಬೆಂಬಲಿಗರು ಇಂತಿಷ್ಟು ಮಂದಿ ಗೆದ್ದರೆಂದು ಲೆಕ್ಕ ಸಾರಿದವು. ಚಿಹ್ನೆಯಲ್ಲಿ ಕಾಣದ ನಂಟು ಫಲಿತಾಂಶದಲ್ಲಿ ಬಯಲಾಯಿತು.

ಅದೇ ಚುನಾವಣೆಯಲ್ಲಿ ನಾಡಿನ ಕೆಲವೆಡೆ ಸದಸ್ಯಸ್ಥಾನಗಳನ್ನು ಹರಾಜು ಹಾಕಿ, ಬಂದ ಹಣವನ್ನು ದೇವಾಲಯಕ್ಕೆ ವಿನಿಯೋಗಿಸುವ ಸುದ್ದಿಗಳು ಹಬ್ಬಿದವು. ಇದು ಕಾನೂನುಬಾಹಿರವೆಂದು ರಾಜ್ಯ ಚುನಾವಣಾ ಆಯೋಗವೇ ಎಚ್ಚರಿಸಬೇಕಾಯಿತು. ಗುಡಿಗೆ ಸಂದಿತೆಂದ ಮಾತ್ರಕ್ಕೆ ಅಂತಹ ಹಣ ದಾನವೆನಿಸದು. ಅದು ಸ್ಥಾನದ ಬೆಲೆ. ಹರಾಜು ಕೂಗುವ ಶಕ್ತಿಯಿಲ್ಲದ ಬಡವನ ಸ್ಪರ್ಧೆಯ ಹಕ್ಕೂ, ಊರಿನವರ ಮತದ ಹಕ್ಕೂ ಅಲ್ಲಿ ಮಾರಾಟವಾಗುತ್ತವೆ. ಬಸವಣ್ಣನವರು ತೋರಿದ ದಾಸೋಹದಲ್ಲಾದರೋ ಕೊಡುವವನಿಗೆ ಪ್ರತಿಫಲದ ಆಸೆಯಿಲ್ಲ, ಕೊಟ್ಟೆನೆಂಬ ಅಹಂಕಾರವೂ ಇಲ್ಲ.

ಮುಳ್ಳೂರಿನಂತಹ ಕಾವೇರಿ ತೀರದ ಊರುಗಳಲ್ಲಿ ಕುಡಿಯುವ ನೀರು, ದಾರಿದೀಪ, ಬಡವರ ಮನೆಗಳ ವಿಚಾರವೆಲ್ಲ ಪಂಚಾಯಿತಿಯ ಮುಂದೆಯೇ ಬರುತ್ತದೆ. ಅಲ್ಲಿ ಕುಳಿತವನು ಯಾರ ಋಣಕ್ಕೆ ಬಿದ್ದವನೆಂಬುದು ಊರಿಗೆ ತಿಳಿದಿರಬೇಕು. ಆದುದರಿಂದ ಉಮೇದುವಾರನು ತನ್ನ ಪಕ್ಷವನ್ನೂ ತನಗೆ ಹಣವಿತ್ತವರನ್ನೂ ಮತದಾನಕ್ಕೆ ಮುನ್ನವೇ ಜನರೆದುರು ಹೇಳಲಿ. ಚುನಾವಣೆಯ ಹೊತ್ತಿನಲ್ಲಿ ಅವನು ತರುವ ಕಾಣಿಕೆಯನ್ನು ಗುಡಿ, ಮಠ, ಶಾಲೆಗಳು ವಿನಯದಿಂದ ಮರಳಿಸಲಿ. ದಾನಿಗಳ ಔದಾರ್ಯದಿಂದ ಬೆಳೆದ ಸಂಸ್ಥೆಗಳಿಗೆ ಈ ನಿರಾಕರಣೆ ನಷ್ಟವಲ್ಲ. ನಿಜವಾದ ದಾನಿಗೆ ಸಲ್ಲುವ ಗೌರವ.