ಇದು ಯಾರ ರಾಜೀನಾಮೆ?



ಸುಲ್ತಾನ್‌ಪೇಟೆಯ ಸಭೆಗೆ ಬಂದಿರುವ ನಿಮ್ಮಲ್ಲಿ ಲಾ ಓದುತ್ತಿರುವವರು ಮಿನರ್ವಾ ಮಿಲ್ಸ್ ಕೇಸನ್ನು ಬಾಯಿಪಾಠ ಮಾಡಿರುತ್ತೀರಿ. ಸಂವಿಧಾನದ ಮೂಲ ರಚನೆಗೆ ಕೈ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲಿ ಹೇಳಿದ ತೀರ್ಪು ಅದು. ಪರೀಕ್ಷೆಗೆ ಬಂದೇ ಬರ್ತದೆ. ಆದರೆ ಆ ಮಿಲ್ಲು ಇದ್ದದ್ದು ಇಲ್ಲೇ ಮಾಗಡಿ ರಸ್ತೆಯ ಕಡೆ, ಸುಲ್ತಾನ್‌ಪೇಟೆಯಿಂದ ಕಾಟನ್‌ಪೇಟೆ ಹಾದು ನಡೆದೇ ಹೋಗುವಷ್ಟು ದೂರದಲ್ಲಿ ಅಂತ ಎಷ್ಟು ಜನಕ್ಕೆ ಗೊತ್ತು? ತೀರ್ಪಿನಲ್ಲಿ ಮಾಲೀಕನ ಹಕ್ಕಿನ ಮಾತಿದೆ, ಪಾರ್ಲಿಮೆಂಟಿನ ಅಧಿಕಾರದ ಮಾತಿದೆ. ಅಲ್ಲಿ ನೂಲು ತೆಗೆದವನನ್ನು ಅದರಲ್ಲಿ ಹುಡುಕಿ ನೋಡಿ.

ಮಿನರ್ವಾ ಹೋಯಿತು. 1884ರಲ್ಲಿ ಶುರುವಾದ ಬಿನ್ನಿ ಮಿಲ್ಲೂ ಹೋಯಿತು. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಈಗ ಮಾಲ್ ಇದೆ. ಆ ಮಿಲ್ಲುಗಳೇನೂ ಹೊರದೇಶಕ್ಕೆ ಹೋಗಿದ್ದಲ್ಲ, ಅವುಗಳ ಬಟ್ಟೆ ಪವರ್‌ಲೂಮಿನ ಪಾಲಾಯಿತು, ನೆಲ ಬಿಲ್ಡರುಗಳ ಪಾಲಾಯಿತು. ಆದರೂ ಒಂದು ಮಾತು ಹೇಳಬೇಕು. 1986ರಲ್ಲಿ ಕೇಂದ್ರ ಸರ್ಕಾರ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಅಂತ ಒಂದನ್ನು ತಂದಿತು. ಖಾಸಗಿ ಮಿಲ್ಲು ಕಾಯಂ ಮುಚ್ಚಿದರೆ ಮೊದಲ ವರ್ಷ ಕೂಲಿಯ ಶೇ 75, ಎರಡನೇ ವರ್ಷ ಶೇ 50, ಮೂರನೇ ವರ್ಷ ಶೇ 25. ಷರತ್ತುಗಳು ಬೇಕಾದಷ್ಟಿದ್ದವು. ಆದರೂ ಕೆಲಸ ಹೋದವನು ಮೂರು ವರ್ಷ ಬದುಕಬೇಕು ಅನ್ನೋ ಲೆಕ್ಕವಾದರೂ ಅದರಲ್ಲಿತ್ತು. 2017ರಲ್ಲಿ ಅದನ್ನೂ ಬೇರೆ ಯೋಜನೆಯಲ್ಲಿ ಕರಗಿಸಿಬಿಟ್ಟರು.

ಮಿಲ್ಲಿನ ಗಂಡಸರು ಮನೆ ಸೇರಿದ ಮೇಲೆ ಗಾರ್ಮೆಂಟ್ಸಿಗೆ ಹೊರಟವರು ಹೆಂಗಸರು. ನಮ್ಮ ಅವ್ವಂದಿರು, ಅಕ್ಕಂದಿರು. ಅವರು ಹೊಲಿಯುವ ಅಂಗಿಯ ಆರ್ಡರು ಅಮೆರಿಕ, ಯೂರೋಪಿನಿಂದ ಬರ್ತದೆ. ಬಂದ ಹಾಗೇ ಹೋಗ್ತದೆ ಕೂಡ. 2005ರಲ್ಲಿ ಜಗತ್ತಿನ ಕೋಟಾ ಪದ್ಧತಿ ಮುಗಿದ ಮೇಲಂತೂ ಯಾವ ದೇಶದಲ್ಲಿ ಕೂಲಿ ಅಗ್ಗವೋ ಅಲ್ಲಿಗೆ ಹೊಲಿಗೆ ಮೆಷಿನ್ನು. ಬೆಂಗಳೂರಿನ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್, ಕೀನ್ಯಾ ಮತ್ತು ಇಥಿಯೋಪಿಯಾದಲ್ಲಿ ಕಾರ್ಖಾನೆಗಳಿರುವ ಕಂಪನಿಯೊಂದನ್ನು 2024ರಲ್ಲಿ ಕೊಂಡುಕೊಂಡಿತು. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಮಾಲಿಗೆ ಶೇ 50 ಸುಂಕ ಹಾಕಿದಾಗ ಹೊರಗೆ ಘಟಕವಿದ್ದ ರಫ್ತುದಾರರು ಆರ್ಡರನ್ನು ಅಲ್ಲಿಗೆ ತಿರುಗಿಸುವ ಮಾತಾಡಿದರು. ಮಾಲೀಕನಿಗೆ ಎರಡು ದೇಶದಲ್ಲಿ ಕಾಲಿದೆ. ಹೊಲಿಯುವವಳಿಗೆ ಇರೋದು ಒಂದು ಬಾಡಿಗೆ ರೂಮು. ಅಲ್ಲಿ ಹೊಲಿಯುವ ಹೆಂಗಸೇನೂ ನಮ್ಮ ಶತ್ರುವಲ್ಲ. ಅವಳಿಗೆ ನಮಗಿಂತಲೂ ಕಮ್ಮಿ ಕೊಡ್ತಾರೆ ಅಂತಲೇ ಮೆಷಿನ್ನು ಅಲ್ಲಿಗೆ ಹೋಗೋದು.

ಈಗ ಅಸಲು ವಿಷಯ. ಅಮೆರಿಕದಲ್ಲಿ 1962ರಲ್ಲೇ ಒಂದು ಕಾನೂನಾಯಿತು, 1974ರಲ್ಲಿ ಬಲಗೊಂಡಿತು. ಆಮದಿನಿಂದಲೋ ಕಾರ್ಖಾನೆ ಹೊರದೇಶಕ್ಕೆ ಹೋದದ್ದರಿಂದಲೋ ಕೆಲಸ ಕಳಕೊಂಡರೆ ಆ ಕಾರಣಕ್ಕಾಗಿಯೇ ತರಬೇತಿ, ಭತ್ಯೆ. ಅದೂ 2022ರ ಜುಲೈನಲ್ಲಿ ನಿಂತುಹೋಯಿತು ಅನ್ನಿ. ನಮ್ಮಲ್ಲಿ ಆ ಕಾರಣವನ್ನು ಒಪ್ಪುವ ಕಾನೂನೇ ಇಲ್ಲ. ಇರುವುದು ಛಾಟಣಿ ಪರಿಹಾರ: ಒಂದು ವರ್ಷದ ಸೇವೆಗೆ 15 ದಿನದ ಸಂಬಳ. ಇಎಸ್‌ಐನಲ್ಲಿ 2018ರಲ್ಲಿ ಬಂದ ಅಟಲ್ ಯೋಜನೆ: ಜೀವಮಾನದಲ್ಲಿ 90 ದಿನ, ಮೊದಲು ಕೂಲಿಯ ಕಾಲು ಭಾಗ, 2020ರಿಂದ ಅರ್ಧ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ್ಯ ನಿಧಿ: ಇನ್ನೊಂದು 15 ದಿನದ ಸಂಬಳ, ಅಷ್ಟೆ. ಅದೇ ಸಂಹಿತೆ ಇನ್ನೊಂದು ಕೆಲಸವನ್ನೂ ಮಾಡಿದೆ. 100 ಜನರಿದ್ದರೆ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. ಅದನ್ನು 300ಕ್ಕೆ ಏರಿಸಿದೆ.

ಇರುವ ಈ ಚೂರುಪಾರೂ ನಮ್ಮವರ ಕೈಗೆ ಯಾಕೆ ಬರುವುದಿಲ್ಲ? ಕಾನೂನು ಛಾಟಣಿಯಾದವಳನ್ನು ಕೇಳುತ್ತದೆ. ನಮ್ಮ ಅಕ್ಕನ ಕೈಯಲ್ಲಿರುವುದು ರಾಜೀನಾಮೆ. ಲೈನ್ ಕಮ್ಮಿ ಮಾಡ್ತಾರೆ, ಇಪ್ಪತ್ತು ಮೈಲಿ ಆಚೆಯ ಯೂನಿಟ್ಟಿಗೆ ಹೋಗು ಅಂತಾರೆ, ಬಸ್ಸು ನಿಲ್ಲಿಸ್ತಾರೆ. ಕೊನೆಗೆ ಆಫೀಸಿಗೆ ಕರೆದು “ಸೈನ್ ಮಾಡಮ್ಮ, ಪಿಎಫ್ ಬೇಗ ಬರ್ತದೆ” ಅಂತಾರೆ. ಸೈನ್ ಬಿತ್ತೋ, ತಾನೇ ಬಿಟ್ಟುಹೋದಳು ಅಂತ ದಾಖಲೆ. ಛಾಟಣಿ ಪರಿಹಾರವಿಲ್ಲ, ಮರುಕೌಶಲ್ಯದ ದುಡ್ಡಿಲ್ಲ. ಕಾರ್ಖಾನೆ ಹೊರದೇಶಕ್ಕೆ ಹೋದದ್ದು ಯಾವ ಕಡತದಲ್ಲೂ ಇರುವುದಿಲ್ಲ, ಇವಳು ಹೋದದ್ದು ಮಾತ್ರ ಇರ್ತದೆ. ರಾಜೀನಾಮೆ ಕೊಟ್ಟವರು ಯಾರು ಸ್ವಾಮಿ?

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಇದೇ ಗೋಕಲ್‌ದಾಸ್‌ನ ಘಟಕ 1,200ಕ್ಕೂ ಹೆಚ್ಚು ಜನರನ್ನು ಲೇ-ಆಫ್ ಮಾಡಿತು. ಆ ಹೆಂಗಸರು ಕಾರ್ಖಾನೆಯಲ್ಲೇ ವಾರಗಟ್ಟಲೆ ಕೂತರು. ಬಹಳ ಜನ ಕೊನೆಗೆ ರಾಜೀನಾಮೆಗೆ ಸಹಿ ಹಾಕಬೇಕಾಗಿ ಬಂತು. ಆದರೆ ಸಂಘ ಕೈಬಿಡಲಿಲ್ಲ, 2021ರಲ್ಲಿ ಮರಳಿ ಕೆಲಸ ಕೊಡುವ ಒಪ್ಪಂದಕ್ಕೆ ಕಂಪನಿ ಬರಬೇಕಾಯಿತು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣಕ್ಕೆ ಬೀಗ ಹಾಕಲು ಹೊರಟ ದಿಲ್ಲಿಯನ್ನು ಎರಡೇ ದಿನದಲ್ಲಿ ಮಣಿಸಿದ್ದೂ ಬೆಂಗಳೂರಿನ ರಸ್ತೆಗಿಳಿದ ಇಂಥ ಹೆಂಗಸರೇ.

ಬಾಬಾಸಾಹೇಬರು 1928ರ ಮುಂಬೈ ಮುಷ್ಕರದಲ್ಲಿ ಒಂದು ಪ್ರಶ್ನೆ ಎತ್ತಿದ್ದರು: ಹೆಚ್ಚು ಕೂಲಿಯ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಯಾಕೆ ಬಿಡುವುದಿಲ್ಲ? ನೂಲಿಗೆ ಎಂಜಲು ತಾಗುತ್ತದೆಂಬ ಮಡಿ ಅಲ್ಲಿ ಅಡ್ಡ ನಿಂತಿತ್ತು. ಅವರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ 1942ರಿಂದ 46ರ ಕಾಲದಲ್ಲೇ ಇಎಸ್‌ಐಗೆ ಬುನಾದಿ ಬಿತ್ತು. ಅದು ಭಿಕ್ಷೆಯ ಡಬ್ಬಿಯಲ್ಲ, ನಮ್ಮವರ ಕೂಲಿಯಿಂದಲೂ ಕಟ್ಟಿದ ದುಡ್ಡು.

ಹೊರದೇಶಕ್ಕೆ ಆರ್ಡರು ಒಯ್ಯುವ ಕಂಪನಿ ಮೊದಲು ಸರ್ಕಾರಕ್ಕೆ ತಿಳಿಸಬೇಕು, ಅದರಿಂದ ಬಂದ ರಾಜೀನಾಮೆಯನ್ನು ಛಾಟಣಿ ಎಂದೇ ಎಣಿಸಬೇಕು, 1986ರ ಆ ಮೂರು ವರ್ಷದ ಲೆಕ್ಕ ಗಾರ್ಮೆಂಟ್ಸಿಗೂ ಬರಬೇಕು ಎಂದು ನಾವು ಕೇಳುತ್ತೇವೆ. ಅದು ಬರುವ ತನಕ ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ಕೆಲಸವಿದೆ. ಈ ಸಲ ಊರಿಗೆ ಹೋದಾಗ ಅವ್ವನ ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಪಿಎಫ್ ನಂಬರು, ಸೇರಿದ ತಾರೀಖು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇಂಗ್ಲಿಷ್ ಕಾಗದ ಕೊಟ್ಟರೆ ಸಹಿಗೆ ಮುಂಚೆ ಮನೆಗೆ ತರಲು ಹೇಳಿ, ಓದಿ ಹೇಳಿ. ಆಗಲೇ ಸಹಿ ಹಾಕಿಸಿಕೊಂಡಿದ್ದರೆ ಒತ್ತಾಯದಿಂದ ಹಾಕಿಸಿದರೆಂದು ಲೇಬರ್ ಆಫೀಸಿಗೆ ಅವತ್ತೇ ಅರ್ಜಿ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.