ಕಾಡಿನ ಹಾದಿ ಮುಚ್ಚೋರು ಯಾರು?



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಾಸ್ಟೆಲುಗಳಲ್ಲಿ ಕೂತ ನಮಗೆ ಕಾಡೆಲ್ಲಿ? ಸುತ್ತ ಬರೀ ಕಬ್ಬು, ತಂಬಾಕು. 'ಕಾಡಿನ ಹಾದಿ ಕಟ್ಟಿಕೊಂಡು ನಮಗೇನ ಆಗಬೇಕಾಗೇತಿ?' ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ಅವರಿಗೇ ಈ ಮಾತು.

ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡ ೨೦೧೧ರಲ್ಲಿ ವನ್ಯಜೀವಿಧಾಮವಾಯಿತು. ೨೦೨೪ರ ಮಳೆಗಾಲದಲ್ಲಿ ಅದರೊಳಗಿನ ಆಮಗಾಂವದ ರೋಗಿಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು ಕಾಡು ದಾಟಿದರು. ಆಂಬುಲೆನ್ಸು ಬರುವ ಹಾದಿಯೇ ಇರಲಿಲ್ಲ. ೨೦೨೫ರಲ್ಲಿ ತಳೇವಾಡಿಯ ೨೭ ಕುಟುಂಬಗಳಿಗೆ ತಲಾ ೧೫ ಲಕ್ಷ ರೂಪಾಯಿ ಗೊತ್ತುಮಾಡಿ ಹೊರಗೆ ಕರೆತಂದರು. ಇದಕ್ಕೆ 'ಸ್ವ-ಇಚ್ಛೆ' ಎಂದು ಹೆಸರು. ಹಾದಿ ಕೊಡದೆ ವರ್ಷಗಟ್ಟಲೆ ಕೂಡ್ರಿಸಿ, ಆಮೇಲೆ 'ಹೊರಗ ಬರ್ತೀರೇನು?' ಎಂದು ಕೇಳಿದರೆ ಒಲ್ಲೆ ಅನ್ನೋರು ಯಾರು?

ನಾವು ಕಾಡಿನ ವೈರಿಗಳಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ೨೦೦೯ರಲ್ಲಿ ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ವಾಹನ ನಿಲ್ಲಿಸಿದರು. ಸರಿಯಾದ ಕೆಲಸವೇ. ಅಲ್ಲಿಯೂ ಆಂಬುಲೆನ್ಸನ್ನು ತಡೆಯಲಿಲ್ಲ. ಅಂದಮೇಲೆ ಆನೆಯನ್ನೂ ಮನುಷ್ಯನನ್ನೂ ಒಟ್ಟಿಗೆ ಉಳಿಸಾಕ ಬರತೈತಿ. ಭೀಮಗಡದಾಗ ಯಾಕ ಬರೂದಿಲ್ಲ?

ಕಾನೂನು ಇಲ್ಲವೆನ್ನಬೇಡಿ. ೨೦೦೬ರ ಅರಣ್ಯ ಹಕ್ಕು ಕಾಯ್ದೆಯ ಕಲಂ ೩(೨) ಓದಿರಿ. ರಸ್ತೆ, ಸಾಲಿ, ದವಾಖಾನೆಗೆ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡುಜಾಗ ಕೊಡಬಹುದು, ಹೆಕ್ಟೇರಿಗೆ ೭೫ ಮರ ಮೀರಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಸಾಹೇಬರ ಮರ್ಜಿ ಎಂದು ಅಲ್ಲಿ ಬರೆದಿಲ್ಲ.

ನಮ್ಮ ಮಾತು ಇಷ್ಟೇ. ದವಾಖಾನೆಗೆ, ಸಾಲಿಗೆ ಹೋಗುವ ಹಾದಿ ಉಳಿಯಲಿ. ಹಳೆಯ ಬಂಡಿ ಹಾದಿಗೆ ಖಡಿ ಹಾಕಿ, ಮೋರಿ ಕಟ್ಟಿ ಕಾಯಿರಿ, ಅಗಲ ಮಾಡಬ್ಯಾಡ್ರಿ. ನಾಟಾ ಸಾಗಿಸಲು, ಗಣಿಗೆ, ರೆಸಾರ್ಟಿಗೆ ಎಂದು ಸೀಳಿದ ಹಾದಿ ಮುಚ್ಚಿರಿ. ಯಾವುದು ಯಾವುದೆಂದು ಅಲ್ಲಿಯ ಗ್ರಾಮಸಭೆ ಕೂತು ಹೇಳಲಿ. ಇವತ್ತು ಉಲ್ಟಾ ನಡೆದೈತಿ: ಜೀಪಿಗೆ ಗೇಟು ತೆರೀತೈತಿ, ಬಾಣಂತಿಗೆ ತೆರಿಯೂದಿಲ್ಲ.

ಇದು ನಮ್ಮ ಕೇರಿಯ ಪ್ರಶ್ನೆಯೂ ಹೌದು. ಕಬ್ಬಿನ ಧಣಿ ಬದು ಕೊಯ್ದು ನಮ್ಮ ಸ್ಮಶಾನದ ಹಾದಿ ನುಂಗಿದಾಗ ಹೆಣ ಹೊತ್ತು ನಿಂತವರು ನಾವು. ೧೯೨೫ರಲ್ಲಿ ನಿಪ್ಪಾಣಿಯ ಬಹಿಷ್ಕೃತರ ಪರಿಷತ್ತಿಗೆ ಬಂದ ಬಾಬಾಸಾಹೇಬರು ೧೯೨೭ರಲ್ಲಿ ಮಹಾಡದ ಕೆರೆಗೆ ನಡೆದರು. ಮುಂದೆ ಸಂವಿಧಾನದ ೧೫(೨)ನೇ ವಿಧಿಯಲ್ಲಿ ಬಾವಿ, ಕೆರೆಗಳ ಜೊತೆಗೆ ರಸ್ತೆ ಎಂಬ ಶಬ್ದವೂ ಸೇರಿತು. ೨೦೧೫ರಲ್ಲಿ ತಿದ್ದುಪಡಿಯಾದ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ನಮಗೆ ಹಾದಿ, ಸ್ಮಶಾನ ತಡೆಯುವುದು ಅಪರಾಧ. ಊರಾಗ ಹಾದಿ ಕಳಕೊಂಡವರಿಗೆ ಕಾಡಿನಾಗ ಹಾದಿ ಕಳಕೊಂಡವರ ಸಂಕಟ ತಿಳಿಯದಿದ್ದರೆ ಇನ್ಯಾರಿಗೆ ತಿಳೀಬೇಕು?

ಈ ಸೂಟಿಯಲ್ಲಿ ಊರಿಗೆ ಹೋದಾಗ ಭೂಮಾಪನ ಕಚೇರಿಯಿಂದ ಊರ ನಕಾಶೆ ತಗೊಳ್ರಿ. ಬಂಡಿ ಹಾದಿ, ಕಾಲುಹಾದಿ ಎರಡನ್ನೂ ಅದರಾಗ ಗೆರೆ ಹೊಡೆದು ತೋರಿಸಿರತಾರ. ಆ ಗೆರೆ ಹಿಡಿದು ನಡೆಯಿರಿ. ಎಲ್ಲಿ ಬೇಲಿ ಅಡ್ಡ ಬಂತೋ ಅಲ್ಲಿ ನಿಂತು ಬರಕೊಳ್ರಿ, ಗ್ರಾಮಸಭೆಯಲ್ಲಿ ಓದ್ರಿ. ಭೀಮಗಡದವರ ಹಾದಿಗೂ ಅಲ್ಲೇ ಒಂದು ಠರಾವು ಮಾಡಿಸ್ರಿ.

ಜೈ ಭೀಮ್.